ಕೊನೆಯ ಕಾಲಂ: ಏಳನೇ ಕ್ಲಾಸಿನಲ್ಲಿ ಹತ್ತು ವಾರದ ಪ್ರಯೋಗ

ವಾರ 1

ಈ ಟರ್ಮಿನಲ್ಲಿ ಒಂದು ಪ್ರಯೋಗ ಶುರು ಮಾಡಿದ್ದೇನೆ. ಏಳನೇ ಕ್ಲಾಸು, 34 ಮಕ್ಕಳು. ಜಗಳವಾದರೆ ಹೊರಗೆ ನಿಲ್ಲಿಸುವುದಿಲ್ಲ, ಇಂಪೋಸಿಷನ್ ಬರೆಸುವುದಿಲ್ಲ. ಏನು ಹಾಳಾಯಿತೋ ಅದನ್ನು ಹಾಳು ಮಾಡಿದವರೇ ಸರಿ ಮಾಡಬೇಕು. ರೆಸ್ಟೋರೇಟಿವ್ ಡಿಸಿಪ್ಲಿನ್ ಅಂತ ಇದಕ್ಕೆ ದೊಡ್ಡ ಹೆಸರಿದೆ.

ಇದು ಶಾಲೆಯಲ್ಲಿ ಹುಟ್ಟಿದ ಯೋಚನೆಯಲ್ಲ. 1974ರಲ್ಲಿ ಕೆನಡಾದ ಒಂಟಾರಿಯೊದಲ್ಲಿ, ಎಲ್ಮೈರಾ ಅನ್ನುವ ಊರಿನಲ್ಲಿ, ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಆಸ್ತಿ ಹಾಳು ಮಾಡಿದ್ದರು. ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿ (ತಪ್ಪು ಮಾಡಿದವರನ್ನು ಜೈಲಿನ ಹೊರಗೆ ನಿಗಾದಲ್ಲಿಡುವವರು), ಇವರು ನಷ್ಟವಾದವರನ್ನು ನೇರವಾಗಿ ಕಂಡು ಮಾತಾಡಲಿ ಅಂದರು. ಜಡ್ಜ್ ಒಪ್ಪಿದರು. ಹುಡುಗರು ಮನೆಮನೆ ಬಾಗಿಲು ತಟ್ಟಿದರು, ಆಮೇಲೆ ನಷ್ಟದ ಹಣವನ್ನೂ ಕಟ್ಟಿಕೊಟ್ಟರು. ಇಪ್ಪತ್ತು ವರ್ಷದ ನಂತರ, 1994ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಾರ್ಗರೆಟ್ ಥೋರ್ಸ್‌ಬೋರ್ನ್ ತಪ್ಪು ಮಾಡಿದವರು, ತೊಂದರೆಯಾದವರು ಎದುರುಬದುರು ಕೂತು ಮಾತಾಡುವ ಇದೇ ತರಹದ ಸಭೆಯನ್ನು ಒಂದು ಹೈಸ್ಕೂಲಿಗೆ ತಂದರು.

ಬಾಗಿಲು ತಟ್ಟಿದ ಆ ದೃಶ್ಯ ನನಗೆ ಬಹಳ ಹಿಡಿಸಿತು. ನೋಟ್‌ಬುಕ್ಕಿನಲ್ಲಿ ಐದು ಕಾಲಂ ಗೆರೆ ಎಳೆದೆ: ತಾರೀಖು, ಏನಾಯ್ತು, ಯಾರಿಗೆ ತೊಂದರೆ, ಏನು ಒಪ್ಪಿಕೊಂಡರು, ಮುಗಿಯಿತಾ. ಕೊನೆಯದನ್ನು ಹಾಳೆಯಲ್ಲಿ ಜಾಗ ಉಳಿದಿತ್ತು ಅಂತ ಸುಮ್ನೆ ಹಾಕಿದ್ದು.

ವಾರ 2

ಜಗಳವಾದಾಗ ಮಾತ್ರ ದುಂಡಗೆ ಕೂರಿಸಿದರೆ ಮಕ್ಕಳಿಗೆ ಅದೂ ಕೋರ್ಟ್ ತರಹವೇ ಕಾಣುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಹತ್ತು ನಿಮಿಷ ಸರ್ಕಲ್. ಡಸ್ಟರ್ ಕೈಯಲ್ಲಿದ್ದವರಿಗೆ ಮಾತ್ರ ಮಾತು. ಬೇಡ ಅಂದರೆ ಮುಂದಿನವರಿಗೆ ದಾಟಿಸಬಹುದು. ಮೊದಲ ದಿನ 34ರಲ್ಲಿ 29 ಜನ ದಾಟಿಸಿದರು! ನನ್ನ ಕೈಗೆ ಬರುವಷ್ಟರಲ್ಲಿ ಎಲ್ಲರ ಅಂಗಿಗೂ ಸೀಮೆಸುಣ್ಣ. ಮಾರನೇ ದಿನ ಡಸ್ಟರ್ ಬದಲು ಒಂದು ಚೆಂಡು.

‘ಹೇಗಿದ್ದೀರಿ?’ ಅಂದರೆ ಎರಡೇ ಉತ್ತರ. ಒಂದೋ ‘ಚೆನ್ನಾಗಿದೀನಿ’, ಇಲ್ಲಾ ‘ಬೇಜಾರು’. ಈ ಬೇಜಾರು ಅನ್ನುವ ಪದ ಎಷ್ಟೊಂದು ಹೊರುತ್ತದೆ ನೋಡಿ. ದುಃಖವೂ ಬೇಜಾರು, ಸಿಟ್ಟೂ ಬೇಜಾರು, ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ಅದನ್ನು ಬಿಡಿಸಿ ಬೋರ್ಡಿನ ಮೇಲೆ ಬರೆಯುತ್ತಾ ಹೋದೆವು: ಮುಜುಗರ, ಕಸಿವಿಸಿ, ಹೊಟ್ಟೆಕಿಚ್ಚು, ಪೆಚ್ಚು, ತಳಮಳ. ಒಬ್ಬ ಹುಡುಗ, ‘ಸರ್, ಕಸಿವಿಸಿ ಆಗೋದು ಹೊಟ್ಟೇಲಾ, ತಲೇಲಾ?’ ಅಂದ. ಆ ದಿನ ಪೂರ್ತಿ ಪಿರಿಯಡ್ ಅದಕ್ಕೇ ಹೋಯಿತು. ಬೇಸರವಿಲ್ಲ.

ಇಂಥ ಪಾಠಕ್ಕೆ ಸಾಮಾಜಿಕ-ಭಾವನಾತ್ಮಕ ಕಲಿಕೆ ಅನ್ನುತ್ತಾರೆ. 1994ರಲ್ಲಿ ಶುರುವಾದ ಕ್ಯಾಸೆಲ್ ಎಂಬ ಅಮೆರಿಕದ ಸಂಸ್ಥೆ ಅದನ್ನು ಐದು ಭಾಗ ಮಾಡುತ್ತದೆ: ತನ್ನನ್ನು ಅರಿಯುವುದು, ತನ್ನನ್ನು ಹಿಡಿತದಲ್ಲಿಡುವುದು, ಇತರರನ್ನು ಅರಿಯುವುದು, ಸಂಬಂಧ ನಿಭಾಯಿಸುವುದು, ಹೊಣೆ ಅರಿತು ನಿರ್ಧರಿಸುವುದು. ನಾವು ಇನ್ನೂ ಮೊದಲನೆಯದರ ಹೊಸ್ತಿಲಲ್ಲಿದ್ದೇವೆ.

ವಾರ 4

ಮೊದಲ ದೊಡ್ಡ ಪ್ರಕರಣ. ಒಬ್ಬ ಹುಡುಗಿ ಎರಡು ವಾರ ಕೂತು ರಟ್ಟಿನಲ್ಲಿ ಜ್ವಾಲಾಮುಖಿ ಮಾಡಿದ್ದಳು. ಒಬ್ಬ ಹುಡುಗ ಅದರ ಮೇಲೆ ಬ್ಯಾಗ್ ಎಸೆದ. ಬೇಕಂತಲೇ.

‘ಯಾಕೋ ಮಾಡಿದೆ?’ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ‘ಯಾಕೆ’ ಅಂದರೆ ಮಕ್ಕಳು ನೆಪ ಹುಡುಕುತ್ತಾರೆ. ‘ಏನಾಯ್ತು?’ ಅಂದರೆ ಕತೆ ಹೇಳುತ್ತಾರೆ. ಆಮೇಲೆ ಕೇಳಬೇಕಾದ್ದು: ಆಗ ಏನು ಯೋಚಿಸುತ್ತಿದ್ದೆ, ಯಾರಿಗೆ ಏನಾಯಿತು, ಸರಿ ಮಾಡಲು ಏನು ಮಾಡಬೇಕು. ಗುಂಪು ಹಂಚುವಾಗ ಅವಳು ‘ಇವನು ಬೇಡ’ ಅಂದಿದ್ದಳಂತೆ. ಅವನ ಬಾಯಿಂದ ಬಂದ ಪದ ‘ಪೆಚ್ಚು’. ಬೋರ್ಡಿನ ಪಟ್ಟಿಯಿಂದಲೇ ಬಂದದ್ದು. ನನಗೆ ಒಳಗೊಳಗೇ ಖುಷಿ. ಆದರೆ ಅವಳು ಖುಷಿಪಡುವ ಸ್ಥಿತಿಯಲ್ಲಿರಲಿಲ್ಲ, ಅದನ್ನು ನಾನು ಗಮನಿಸಬೇಕಿತ್ತು.

ಕ್ಷಮೆ ಕೇಳು ಅಂತ ನಾನು ಹೇಳಲಿಲ್ಲ. ಅವನೇ ಕೇಳಿದ. ಇಬ್ಬರೂ ಸೇರಿ ಹೊಸದು ಮಾಡುವುದು ಅಂತ ಒಪ್ಪಂದವಾಯಿತು. ನಾಲ್ಕನೇ ಕಾಲಂ ತುಂಬಿತು. ಆ ದಿನ ಬೀಗಿಕೊಂಡೇ ಮನೆಗೆ ಹೋದೆ.

ವಾರ 5

ಪರೀಕ್ಷೆ. ಸರ್ಕಲ್ ಇಲ್ಲ.

ವಾರ 6

ಸ್ಟಾಫ್ ರೂಮಿನಲ್ಲಿ ಒಬ್ಬರು, ‘ಏನ್ ಸರ್, ನಿಮ್ಮ ಕ್ಲಾಸಲ್ಲಿ ತಪ್ಪು ಮಾಡಿದ್ರೆ ಹರಟೆ ಹೊಡೆಯೋಕೆ ಸಿಗುತ್ತಂತೆ?’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಆ ಅನುಮಾನ ಪೊಳ್ಳಲ್ಲ. ಅಮೆರಿಕದ ಪಿಟ್ಸ್‌ಬರ್ಗಿನ 44 ಶಾಲೆಗಳಲ್ಲಿ ಈ ರೆಸ್ಟೋರೇಟಿವ್ ಪದ್ಧತಿಯನ್ನು ಎರಡು ವರ್ಷ ಪರೀಕ್ಷಿಸಿ ನೋಡಿದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ವರದಿ 2018ರಲ್ಲಿ ಬಂತು. ಮಕ್ಕಳನ್ನು ಶಾಲೆಯಿಂದ ಹೊರಗಿಡುವ ದಿನಗಳು ಕಡಿಮೆಯಾದವು. ಶಾಲೆಯ ವಾತಾವರಣ ಸುಧಾರಿಸಿದೆ ಅಂತ ಶಿಕ್ಷಕರು ಹೇಳಿದರು. ಆದರೆ 6ರಿಂದ 8ನೇ ತರಗತಿಯ ಮಕ್ಕಳ ಕಲಿಕೆಯ ಫಲಿತಾಂಶ ಕೆಳಗೆ ಬಂತು. ನನ್ನದು ಏಳನೇ ಕ್ಲಾಸು, ಅಲ್ವಾ? ಓದಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಸಾಮಾಜಿಕ-ಭಾವನಾತ್ಮಕ ಕಲಿಕೆಯ ಲೆಕ್ಕ ಬೇರೆ ಇದೆ. 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಜೊತೆಗಾರರು 213 ಕಾರ್ಯಕ್ರಮಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಓದಿನಲ್ಲಿ 11 ಪರ್ಸೆಂಟೈಲ್‌ನಷ್ಟು ಏರಿಕೆ ಸಿಕ್ಕಿತ್ತು, ಅಂದರೆ ನೂರು ಮಕ್ಕಳ ಸಾಲಿನಲ್ಲಿ ನಡುವಿನ ಮಗು 11 ಸ್ಥಾನ ಮುಂದೆ ಹೋದ ಹಾಗೆ. ಆದರೆ ಜಾರಿಯಲ್ಲಿ ತೊಡಕಾದ ಕಡೆ ಲಾಭವೂ ಕಡಿಮೆ. ಅಂದರೆ ಏನು ಮಾಡುತ್ತೇನೆ ಅನ್ನುವಷ್ಟೇ ಮುಖ್ಯ, ಅದನ್ನು ಕೊನೆತನಕ ಮಾಡುತ್ತೇನಾ ಅನ್ನುವುದು. ಇದನ್ನು ಓದುವಾಗ ತಲೆ ಆಡಿಸಿದೆ, ಅಷ್ಟೆ. ಅದು ನನಗೇ ಹೇಳಿದ್ದು ಅಂತ ಹೊಳೆಯಲಿಲ್ಲ.

ವಾರ 7

ಬೆಳಿಗ್ಗೆ ಸರ್ಕಲ್‌ನಲ್ಲಿ ಜ್ವಾಲಾಮುಖಿಯ ಹುಡುಗಿಯ ಕೈಗೆ ಚೆಂಡು ಬಂತು. ‘ಸರ್, ಅವನು ಏನೂ ಮಾಡಿಕೊಟ್ಟಿಲ್ಲ. ಮೂರು ವಾರ ಆಯ್ತು. ನೀವೂ ಕೇಳಲಿಲ್ಲ.’ ಚೆಂಡನ್ನು ಪಕ್ಕದವರಿಗೆ ಕೊಟ್ಟುಬಿಟ್ಟಳು.

ಸಂಜೆ ನೋಟ್‌ಬುಕ್ ತೆಗೆದೆ. ಒಂಬತ್ತು ಪ್ರಕರಣ, ಒಂಬತ್ತು ಒಪ್ಪಂದ. ‘ಮುಗಿಯಿತಾ’ ಕಾಲಂನಲ್ಲಿ ಎರಡೇ ಗುರುತು. ಅವೆರಡೂ ಅಲ್ಲೇ ಕೈಕುಲುಕಿ ಮುಗಿದಂಥವು. ಉಳಿದ ಏಳರಲ್ಲಿ ಏನಾಯಿತು ಅಂತ ನನಗೇ ತಿಳಿಯದು.

ಎಲ್ಮೈರಾ ಕತೆಯಲ್ಲಿ ನಾನು ಬಾಗಿಲು ತಟ್ಟಿದ್ದನ್ನು ಮಾತ್ರ ಇಟ್ಟುಕೊಂಡಿದ್ದೆ. ಹಣ ಕಟ್ಟಿಕೊಟ್ಟ ಭಾಗ ಸಪ್ಪೆ ಅನ್ನಿಸಿತ್ತು. ಹಳೆಯ ಪದ್ಧತಿಯಲ್ಲಿ ಇಂಪೋಸಿಷನ್ ಬರೆದದ್ದನ್ನಾದರೂ ತಪ್ಪದೆ ಎಣಿಸುತ್ತಿದ್ದೆ! ಇಲ್ಲಿ ಮಾತು ಚೆನ್ನಾಗಿ ಆಯಿತು ಅಂತ ನಾನೇ ಮೈಮರೆತೆ. ತೊಂದರೆಯಾದ ಮಗುವಿಗೆ ಇದು ಎರಡನೇ ಪೆಟ್ಟು.

ವಾರ 8

ಎರಡು ಬದಲಾವಣೆ. ಒಪ್ಪಂದ ಚಿಕ್ಕದಿರಬೇಕು, ಒಂದು ವಾರದೊಳಗೆ ಮುಗಿಯುವಂತಿರಬೇಕು. ಇಬ್ಬರೂ ಒಪ್ಪುವ ಇನ್ನೊಬ್ಬ ಸಹಪಾಠಿ ಅದನ್ನು ನೋಡಿಕೊಳ್ಳಬೇಕು. ಶುಕ್ರವಾರ ಕೊನೆಯ ಐದು ನಿಮಿಷ ಬರೀ ಐದನೇ ಕಾಲಂಗೆ. ಗುರುತು ಹಾಕುವುದು ನಾನಲ್ಲ, ತೊಂದರೆಯಾದವರು.

ಮೊದಲು ಹುಡುಗಿಯ ಹತ್ತಿರ ಹೋಗಿ ‘ಕೇಳದೇ ಇದ್ದದ್ದು ನನ್ನ ತಪ್ಪು’ ಅಂದೆ. ‘ಪರವಾಗಿಲ್ಲ ಸರ್’ ಅಂದಳು. ಪರವಾಗಿಲ್ಲ ಅನ್ನುವ ಮುಖವಾಗಿರಲಿಲ್ಲ. ಜ್ವಾಲಾಮುಖಿ ಈಗ ಬೇಡವಂತೆ, ಪಾಠವೇ ಮುಗಿದಿದೆಯಲ್ಲ. ಮುಂದಿನ ಪ್ರಾಜೆಕ್ಟಿಗೆ ರಟ್ಟು ಕತ್ತರಿಸಿ ಕೊಡಲಿ ಅಂದಳು. ಗುರುವಾರವೇ ಕತ್ತರಿಸಿ ತಂದ. ಅಂಚು ಸೊಟ್ಟ. ಅವಳೇ ಅಳತೆ ಹಾಕಿ ಇನ್ನೊಮ್ಮೆ ಕತ್ತರಿಸಿದಳು, ಅವನು ಸ್ಕೇಲ್ ಹಿಡಿದು ಕೂತ. ಜಾಸ್ತಿ ಮಾತೇನೂ ಆಡಲಿಲ್ಲ.

ವಾರ 10

ಈ ಎರಡು ವಾರದಲ್ಲಿ ಐದು ಹೊಸ ಪ್ರಕರಣ, ನಾಲ್ಕಕ್ಕೆ ಗುರುತು ಬಿದ್ದಿದೆ. ಹಳೆಯ ಏಳರಲ್ಲಿ ಮೂರು ಮುಗಿದವು. ಎರಡನ್ನು ಮಕ್ಕಳೇ ‘ಬಿಡಿ ಸರ್, ಮರೆತೋಯ್ತು’ ಅಂದರು, ಅವಕ್ಕೆ ಗುರುತಿಲ್ಲ, ಬರೀ ಗೆರೆ. ಇನ್ನೆರಡು ಬಾಕಿ. ಒಂದೇ ಕ್ಲಾಸಿನ ಲೆಕ್ಕ ಇದು, ಇದರಿಂದ ಏನನ್ನೂ ಸಾಧಿಸಿ ತೋರಿಸಲಾಗದು.

ಐದು ಹೊಸದರಲ್ಲಿ ಗುರುತು ಬೀಳದ ಒಂದು ತಲೆ ತಿನ್ನುತ್ತಿದೆ. ಅಡ್ಡಹೆಸರಿಟ್ಟು ಪದೇಪದೇ ರೇಗಿಸಿದ ಪ್ರಕರಣ. ರೇಗಿಸಿದವರು ಕೂರಲು ಸಿದ್ಧ, ಆದರೆ ಆ ಹುಡುಗನಿಗೆ ಅವರೆದುರು ಕೂರಲು ಇಷ್ಟವಿಲ್ಲ. ಬಲವಂತ ಮಾಡುವಂತಿಲ್ಲ. ತನಗೆ ಏನು ಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ, ನಾನು ಅದನ್ನು ಅವರಿಗೆ ಓದಿ ಹೇಳಬೇಕು. ಸೋಮವಾರ ಮೂರನೇ ಪಿರಿಯಡ್ ಆದ ಮೇಲೆ.