ಬೆಸ್ಸಿ ಕೋಲ್ಮನ್ ಮತ್ತೆ ಆ ಒಂದು ಸ್ಪ್ಯಾನರ್

ಅಮೆರಿಕದ ಹಳೇ ಪೈಲಟ್‌ಗಳು ಅಂದ್ರೆ ರೈಟ್ ಬ್ರದರ್ಸು, ಲಿಂಡ್‌ಬರ್ಗು, ಅಮೆಲಿಯಾ ಇಯರ್‌ಹಾರ್ಟು, ಅಲ್ಲಿಗೆ ಲಿಸ್ಟ್ ಮುಗಿದೋಗತ್ತೆ. ನಂದೂ ಹಂಗೇ ಇತ್ತು. ಈ ವಾರ ಪೂರ್ತಿ ಬೆಸ್ಸಿ ಕೋಲ್ಮನ್ ಅನ್ನೋ ಅಮೆರಿಕದ ಕಪ್ಪು ಮಹಿಳಾ ಪೈಲಟ್ ಬಗ್ಗೆ ಓದ್ತಾ ಕೂತಿದ್ದೆ, ತಲೆಯಿಂದ ಹೋಗ್ತಾನೇ ಇಲ್ಲ.

1892ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ್ದು, ಮನೆಯವ್ರು ಇನ್ನೊಬ್ರ ಹೊಲ ಪಾಲಿಗೆ ಮಾಡ್ತಿದ್ದವ್ರು, ಇವಳೂ ಹತ್ತಿ ಬಿಡಿಸಿಯೇ ಬೆಳೆದವಳು. 23ನೇ ವಯಸ್ಸಿಗೆ ಶಿಕಾಗೋಗೆ ಬಂದು ಬಾರ್ಬರ್ ಶಾಪಲ್ಲಿ ಗಿರಾಕಿಗಳ ಉಗುರು ತಿದ್ದೋ ಕೆಲಸ. ಮೊದಲನೇ ಮಹಾಯುದ್ಧ ಮುಗಿಸ್ಕೊಂಡು ಫ್ರಾನ್ಸಿಂದ ವಾಪಸ್ ಬಂದ ಅಣ್ಣ ಜಾನ್, ಅಲ್ಲಿ ಹೆಂಗಸರು ವಿಮಾನ ಓಡಿಸ್ತಾರೆ, ನಿಮ್ ಕೈಲಿ ಎಲ್ಲಾಗತ್ತೆ ಅಂತ ರೇಗಿಸ್ತಿದ್ನಂತೆ. ತಗೋ, ಹಟ ಹಿಡಿದೇಬಿಟ್ಲು. ಅಮೆರಿಕದ ಫ್ಲೈಯಿಂಗ್ ಸ್ಕೂಲುಗಳು ಸೇರಿಸ್ಕೊಳ್ಳಲಿಲ್ಲ, ಹೆಂಗಸು ಬೇರೆ, ಕಪ್ಪು ಬೇರೆ. ಶಿಕಾಗೋ ಡಿಫೆಂಡರ್ ಪತ್ರಿಕೆಯ ರಾಬರ್ಟ್ ಅಬಟ್, ಫ್ರಾನ್ಸಿಗೇ ಹೋಗಿ ಕಲಿ ಅಂದ್ರು, ಇವಳು ಫ್ರೆಂಚ್ ಕ್ಲಾಸಿಗೆ ಸೇರಿ, 1920ರ ನವೆಂಬರಲ್ಲಿ ಹಡಗು ಹತ್ತಿ, 1921ರ ಜೂನ್ 15ಕ್ಕೆ ಇಂಟರ್‌ನ್ಯಾಷನಲ್ ಲೈಸೆನ್ಸ್ ತಗೊಂಡೇಬಿಟ್ಲು. ಅಮೆಲಿಯಾಗೆ ಆ ಲೈಸೆನ್ಸ್ ಸಿಕ್ಕಿದ್ದು 1923ರಲ್ಲಿ, ಗೊತ್ತಿರಲಿ.

ಆಮೇಲೆ ಊರೂರು ಸುತ್ತಿ ಏರ್ ಶೋ. 1923ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿದ್ದು ಕಾಲು, ಪಕ್ಕೆಲುಬು ಮುರ್ಕೊಂಡ್ಲು, ಮತ್ತೆ ಎದ್ಲು. ನಂಗೆ ಇಷ್ಟ ಆಗಿದ್ದು ಮಾತ್ರ ಅವಳು ಬೆಳೆದ ವಾಕ್ಸಹಾಚಿ ಊರಿನ ಶೋ ಕತೆ. ಕರಿಯರಿಗೆ ಬಿಳಿಯರಿಗೆ ಬೇರೆ ಬೇರೆ ಗೇಟ್ ಇಟ್ರೆ ನಾನು ಹಾರಲ್ಲ ಅಂದ್ಲು, ಕೊನೆಗೆ ಒಂದೇ ಗೇಟ್ ಆಯ್ತು. ಒಳಗೆ ಕೂರೋ ಜಾಗ ಆಗ್ಲೂ ಬೇರೆನೇ, ಅದನ್ನ ಬದಲಾಯಿಸೋಕೆ ಆಗ್ಲಿಲ್ಲ. ಆದ್ರೂ ಗೇಟ್ ಒಂದೇ ಆಯ್ತಲ್ಲ!

1926ರ ಏಪ್ರಿಲ್ 30, ಫ್ಲಾರಿಡಾದ ಜಾಕ್ಸನ್‌ವಿಲ್. ವಿಮಾನ ಒಂದು ಹಳೇ ಕರ್ಟಿಸ್ ಜೆನ್ನಿ, ಟೆಕ್ಸಾಸಿಂದ ತರೋವಾಗ್ಲೇ ದಾರೀಲಿ ಕೆಟ್ಟು ಕೆಟ್ಟು ಇಳಿಸಬೇಕಾಗಿತ್ತು. ಓಡಿಸ್ತಿದ್ದಿದ್ದು ಅವಳ ಮೆಕ್ಯಾನಿಕ್ ವಿಲಿಯಂ ವಿಲ್ಸ್. ಇದ್ದಕ್ಕಿದ್ದಂಗೆ ಮೂತಿ ಕೆಳಗಾಗಿ ಗಿರಗಿರ ತಿರುಗಿ ವಿಮಾನ ತಲೆಕೆಳಗಾಯ್ತು, ಬೆಸ್ಸಿ ಆಚೆ ಬಿದ್ಲು, ವಿಲ್ಸ್ ವಿಮಾನದ ಜೊತೆನೇ ಹೋದ. ಅವಶೇಷ ನೋಡಿದ್ರೆ ಕಂಟ್ರೋಲ್ ಗೇರಿನಲ್ಲಿ ಒಂದು ಸ್ಪ್ಯಾನರ್ ಸಿಕ್ಕಾಕ್ಕೊಂಡಿತ್ತು. ಯಾವಾಗ್ಲೋ ರಿಪೇರಿ ಮಾಡುವಾಗ ಮರೆತು ಒಳಗೇ ಬಿಟ್ಟಿದ್ದು.

ಅವಳಿಗೆ 34 ವರ್ಷ. ಮಾರನೇ ದಿನದ ಶೋನಲ್ಲಿ ಪ್ಯಾರಾಚೂಟ್ ಹಾಕ್ಕೊಂಡು ಎಲ್ಲಿ ಇಳೀಬೇಕು ಅಂತ ಬಗ್ಗಿ ನೋಡ್ಬೇಕಿತ್ತು, ಅದಕ್ಕೇ ಬೆಲ್ಟ್ ಹಾಕಿರಲಿಲ್ಲ.