ಕೊನೆಯ ಶೋ ನೋಡಲು ಬೆಂಗಳೂರಿಗೆ ಹೋಗುವವರು ಅದೇ ರಾತ್ರಿಯ ಬಸ್ ಬುಕ್ ಮಾಡಬೇಡಿ

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೆಚ್ಚಿನ ಬ್ಯಾಂಡಿನ ಕೊನೆಯ ಶೋ ನೋಡಲು ಊರಿಂದ ಬೆಂಗಳೂರಿಗೆ ಹೋಗುತ್ತಿದ್ದೀರಾ? ಹಾಗಾದರೆ ವಾಪಸ್ ಟಿಕೆಟನ್ನು ಮರುದಿನಕ್ಕೆ ಮಾಡಿಸಿ. ಒಂದು ರಾತ್ರಿಯ ರೂಮಿನ ಖರ್ಚು ಜಾಸ್ತಿ ಅನ್ನಿಸಬಹುದು. ಆದರೂ ಮಾಡಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಶಿವಮೊಗ್ಗದವನು. ಡಿಸೆಂಬರಿನ ಒಂದು ಶನಿವಾರ ನಮ್ಮ ಬ್ಯಾಂಡಿನ ಕೊನೆಯ ಶೋ ಇತ್ತು. 'ನಮ್ಮ ಬ್ಯಾಂಡ್' ಅಂತಲೇ ಬರೆಯುತ್ತೇನೆ, ಹೆಸರು ಹೇಳುವುದಿಲ್ಲ. ನಾಲ್ಕೂ ಜನ ಈಗ ಬೇರೆ ಬೇರೆ ಕೆಲಸಕ್ಕೆ ಹೊರಟಿದ್ದಾರೆ, ಇನ್ನು ತಮ್ಮ ಬಗ್ಗೆ ಬರೆಯಬೇಡಿ ಅಂತ ಸ್ಟೇಜ್ ಮೇಲೆ ನಿಂತೇ ಕೇಳಿಕೊಂಡರು. ಅವರನ್ನು ನಾನು ಮೊದಲು ಕೇಳಿದ್ದು 2009ರಲ್ಲಿ, ಒಂದು ಕಾಲೇಜು ಫೆಸ್ಟ್‌ನಲ್ಲಿ. ಕನ್ನಡದಲ್ಲಿ ರಾಕ್ ಹಾಡಬಹುದು, ಅದು ನಮ್ಮ ಮನೆಯ ಜಗಲಿಯಲ್ಲಿ ಕೂತು ಆಡುವ ಮಾತಿನ ಹಾಗೇ ಇರಬಹುದು ಅಂತ ಅವತ್ತು ಗೊತ್ತಾಯಿತು. ಆಗ ಅವರ ಹಾಡುಗಳು ಮೆಮೊರಿ ಕಾರ್ಡಿನಲ್ಲಿ, ಬ್ಲೂಟೂತ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿದ್ದವು. ಹಾಸ್ಟೆಲ್ಲಿನ ಅರ್ಧ ಜನಕ್ಕೆ ಹಾಡಿನ ಹೆಸರೇ ಗೊತ್ತಿರಲಿಲ್ಲ, 'ಟ್ರ್ಯಾಕ್ ಮೂರು' ಅಂತಿದ್ದೆವು. ಇವತ್ತಿಗೂ ನನಗೆ ಅದು ಟ್ರ್ಯಾಕ್ ಮೂರೇ.

ಹೋಗುವ ದಾರಿ ಸುಲಭ. ನಾನು ನಸುಕಿನ ಜನಶತಾಬ್ದಿ ಹಿಡಿದೆ. ಭದ್ರಾವತಿ, ಬೀರೂರು, ಅರಸೀಕೆರೆ, ತಿಪಟೂರು ದಾಟಿ ಮಧ್ಯಾಹ್ನಕ್ಕೆ ಸಾಕಷ್ಟು ಮುಂಚೆಯೇ ಬೆಂಗಳೂರು. ಶೋ ಇದ್ದದ್ದು ವೈಟ್‌ಫೀಲ್ಡ್ ಕಡೆಯ ಒಂದು ಬಯಲಿನಲ್ಲಿ. ಮೊದಲಾದರೆ ಮೆಜೆಸ್ಟಿಕ್‌ನಿಂದ ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ. 2023ರ ಅಕ್ಟೋಬರ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಆದ ಮೇಲೆ ಆ ಕಷ್ಟ ಇಲ್ಲ. ರೈಲು ನಿಲ್ದಾಣದ ಪಕ್ಕದಲ್ಲೇ ಸಂಗೊಳ್ಳಿ ರಾಯಣ್ಣ ಮೆಟ್ರೊ ಸ್ಟೇಷನ್ ಇದೆ. ಅಲ್ಲಿ ಹತ್ತಿದರೆ ಎಲ್ಲೂ ಬದಲಾಯಿಸುವಂತಿಲ್ಲ, ಸೀದಾ ವೈಟ್‌ಫೀಲ್ಡ್. ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಲ್ಲಬೇಡಿ. ವಾಟ್ಸ್‌ಆ್ಯಪ್‌ನಲ್ಲೇ ಕ್ಯುಆರ್ ಟಿಕೆಟ್ ಸಿಗುತ್ತದೆ.

ರೂಮನ್ನು ಮೆಜೆಸ್ಟಿಕ್ ಹತ್ತಿರ ಮಾಡಬೇಡಿ. ಬಸ್ಸು, ರೈಲು ಹತ್ತಿರ ಅಂತ ಊರಿನವರೆಲ್ಲ ಅಲ್ಲೇ ಮಾಡುತ್ತಾರೆ. ಶೋ ನಡೆಯುವ ಜಾಗದಿಂದ ನಡೆದು ಬರುವಷ್ಟು ದೂರದಲ್ಲಿ ಮಾಡಿ. ರಾತ್ರಿ ಕೊನೆಯ ಮೆಟ್ರೊಗೆ ಓಡುವ ಆತಂಕ ಇರುವುದಿಲ್ಲ. ಒಂದೇ ಸಲಕ್ಕೆ ಸಾವಿರಾರು ಜನ ಹೊರಗೆ ಬಂದಾಗ ಆಟೊ, ಕ್ಯಾಬ್ ಸಿಗುವುದು ಎಷ್ಟು ಕಷ್ಟ ಅಂತ ಬೆಂಗಳೂರಿನವರನ್ನು ಕೇಳಿ.

ನನ್ನ ತಮ್ಮ, ಅಂದರೆ ಚಿಕ್ಕಪ್ಪನ ಮಗ, ಇಲ್ಲಿ ಎಡವಿದ. ಅವನೂ ನನ್ನಷ್ಟೇ ದೊಡ್ಡ ಅಭಿಮಾನಿ. ಟ್ರ್ಯಾಕ್ ಮೂರನ್ನು ನನಗೆ ಕಳಿಸಿದ್ದೇ ಅವನು. ಭಾನುವಾರ ಬೆಳಿಗ್ಗೆ ಊರಲ್ಲಿ ಅಡಿಕೆ ಸುಲಿಯುವವರು ಬರುವವರಿದ್ದರು. ಅದಕ್ಕೆ ಮೆಜೆಸ್ಟಿಕ್‌ನಿಂದ ರಾತ್ರಿ ಹನ್ನೊಂದರ ಬಸ್ಸಿಗೆ ಸೀಟು ಮಾಡಿಸಿದ್ದ. ಸಂಜೆ ಬಂದವನು ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ನೇರ ಗೇಟಿಗೆ ಬಂದ. ಬ್ಯಾಗ್ ಒಳಗೆ ಬಿಡಲಿಲ್ಲ. ಪವರ್ ಬ್ಯಾಂಕ್, ನೀರಿನ ಬಾಟಲಿ ಯಾವುದೂ ಇಲ್ಲ. ಮತ್ತೆ ನನ್ನ ರೂಮಿಗೆ ಹೋಗಿ ಬ್ಯಾಗ್ ಇಟ್ಟು ಬರುವಷ್ಟರಲ್ಲಿ ಮೊದಲ ಹಾಡು ಮುಗಿದಿತ್ತು. ನಾವು ಅದನ್ನು ಕಾಂಪೌಂಡಿನ ಆಚೆ ಓಡುತ್ತಾ ಕೇಳಿದೆವು. ರೂಮ್ ಮಾಡದವರು ಬ್ಯಾಗನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟುಬಿಡಿ. ರೈಲು ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಬೇಕು. ಇಪ್ಪತ್ತು ರೂಪಾಯಿಯ ಸಣ್ಣ ಬೀಗ ಮನೆಯಿಂದಲೇ ಒಯ್ಯಿರಿ. ಶೋ ಟಿಕೆಟ್ಟಿನ ಸ್ಕ್ರೀನ್‌ಶಾಟನ್ನೂ ಮೊದಲೇ ತೆಗೆದಿಡಿ. ಗೇಟಿನ ಹತ್ತಿರ ನೆಟ್‌ವರ್ಕ್ ಸತ್ತೇ ಹೋಗಿತ್ತು.

ಬ್ಯಾಗಿನ ಗಲಾಟೆಗೆ ಮುಂಚೆ ಸಾಲಿನಲ್ಲಿ ನಿಂತಿದ್ದ ಒಂದು ಗಂಟೆ ಮಾತ್ರ ನನಗೆ ತುಂಬಾ ಇಷ್ಟವಾಯಿತು. ನನ್ನ ಮುಂದೆ ನಲವತ್ತು ದಾಟಿದ ಒಬ್ಬರು ಇದ್ದರು. 2007ರಲ್ಲಿ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ಹೋಗಿದ್ದರಂತೆ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬ್ಯಾಂಡ್ ಬಂದಾಗಲೂ ಅಲ್ಲೇ ಇದ್ದರಂತೆ. ಅದಕ್ಕೆ ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಶೋ ನಿಂತುಹೋಗಿತ್ತು. ಇಲ್ಲಿಯದೂ ನಿಲ್ಲುತ್ತದೋ ಏನೋ ಅಂತ ಗಿಟಾರ್ ಸದ್ದು ಕೇಳುವವರೆಗೂ ಜೀವದಲ್ಲಿ ಜೀವ ಇರಲಿಲ್ಲ ಅಂದರು. ಬೆಂಗಳೂರಿನ ಮೊದಲ ಮೆಟ್ರೊ ಓಡಿ ಆಗ ಹತ್ತೇ ದಿನ ಆಗಿತ್ತು. ಅದೂ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ವರೆಗೆ ಮಾತ್ರ. ಶೋ ಮುಗಿದ ಮೇಲೆ ಗೆಳೆಯರೆಲ್ಲ ಮೇಖ್ರಿ ಸರ್ಕಲ್‌ನಿಂದ ಹಾಡುತ್ತಾ ನಡೆದು ಮನೆ ಸೇರಿದರಂತೆ.

ಮಾತು ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಕಡೆ ತಿರುಗಿತು. 2025ರ ಜುಲೈ 5ರಂದು ತಮ್ಮ ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರ ಕೊನೆಯ ಶೋ ನಡೆಯಿತು. ಮೊದಲಿನ ನಾಲ್ಕೂ ಜನ ಒಟ್ಟಿಗೆ ನುಡಿಸಿದ್ದು ಇಪ್ಪತ್ತು ವರ್ಷದ ಮೇಲೆ. ಅವರ ಗಾಯಕ ಓಝಿ ಓಸ್ಬೋರ್ನ್ ನಿಲ್ಲಲಾಗದೆ ಕುರ್ಚಿಯಲ್ಲಿ ಕೂತೇ ಹಾಡಿದರು. ಹದಿನೇಳು ದಿನಕ್ಕೆ ತೀರಿಕೊಂಡರು. ಅದನ್ನು ಹೇಳುವಾಗ ಆ ಮನುಷ್ಯನ ದನಿ ಸಣ್ಣದಾಯಿತು. "ನಮ್ಮವರಾದರೂ ಗಟ್ಟಿಮುಟ್ಟಾಗಿದ್ದಾರಲ್ಲ ಗುರು, ಸುಮ್ನೆ ಬೇರೆ ಕೆಲಸಕ್ಕೆ ಹೋಗ್ತಿದ್ದಾರೆ, ಅಷ್ಟೇ" ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬೆಂಗಳೂರಲ್ಲಿ ಶೋಗೆ ಹೋದರೆ ಇಂಥ ಜನ ಸಿಗುತ್ತಾರೆ. ಅದಕ್ಕೇ ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ.

ಮೆಡಿಕಲ್ ಸ್ಟೋರಿನಲ್ಲಿ ಫೋಮಿನ ಇಯರ್‌ಪ್ಲಗ್ ಸಿಗುತ್ತದೆ, ತಪ್ಪದೇ ಒಯ್ಯಿರಿ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಯೋಶ್ ಸಂಸ್ಥೆ ಒಂದು ಲೆಕ್ಕ ಹಾಕಿದೆ. 85 ಡೆಸಿಬಲ್ ಸದ್ದಾದರೆ ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಸ್ಪೀಕರ್ ಹತ್ತಿರ ನಿಂತರೆ ಅಷ್ಟು ಸದ್ದು ಇದ್ದೇ ಇರುತ್ತದೆ. ಪ್ಲಗ್ ಹಾಕಿದರೆ ಹಾಡಿನ ಮಾತು ಇನ್ನೂ ಬಿಡಿಬಿಡಿಯಾಗಿ ಕೇಳುತ್ತದೆ, ನಂಬಿ. ಡಿಸೆಂಬರ್ ಆದರೆ ಸ್ವೆಟರ್ ಬೇಕು. ಎಂಟು ಗಂಟೆ ಆಗುತ್ತಲೇ ಬಯಲಲ್ಲಿ ಚಳಿ ಇಳಿಯುತ್ತದೆ.

ಏಳು ಅಂದರೆ ಏಳಕ್ಕೇ ಶುರುವಾಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹತ್ತಕ್ಕೆ ಮೈಕ್ ನಿಲ್ಲಲೇಬೇಕು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಒಂಬತ್ತು ದಾಟಿದ ಮೇಲೆ ಜನ ಸ್ಟೇಜನ್ನೂ ನೋಡುತ್ತಿದ್ದರು, ಕೈಗಡಿಯಾರವನ್ನೂ ನೋಡುತ್ತಿದ್ದರು. ನನ್ನ ಪಕ್ಕ ಫುಲ್ ತೋಳಿನ ಇಸ್ತ್ರಿ ಅಂಗಿ ಹಾಕಿದ್ದವರೊಬ್ಬರು ಇದ್ದರು, ಆಫೀಸಿನಿಂದ ನೇರ ಬಂದಿರಬೇಕು. ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ, ಒಂದು ಮಾತೂ ತಪ್ಪದೆ, ಪ್ರತಿ ಸಾಲನ್ನೂ ಹಾಡುತ್ತಿದ್ದರು. ನಾನು ಆ ಕಡೆ ನೋಡುವುದನ್ನು ಬಿಟ್ಟೆ. ನೋಡಿದ್ದರೆ ನನಗೆ ಹಾಡಲು ಆಗುತ್ತಿರಲಿಲ್ಲ.

ಒಂಬತ್ತೂ ಇಪ್ಪತ್ತಕ್ಕೆ ತಮ್ಮ ಹೊರಟ. ರೂಮಿಗೆ ಹೋಗಿ ಬ್ಯಾಗ್ ತಗೊಂಡು ಮೆಟ್ರೊ ಹಿಡಿಯಬೇಕಲ್ಲ. ಸ್ಟೇಜಿನ ಕಡೆಗೇ ಮುಖ ಮಾಡಿ ಹಿಂದಕ್ಕೆ ನಡೆದು ಹೋದ. ಅವನು ಗೇಟು ದಾಟಿ ಹತ್ತು ನಿಮಿಷ ಆಗಿರಬಹುದು, ಟ್ರ್ಯಾಕ್ ಮೂರು ಶುರುವಾಯಿತು.

ಸರಿಯಾಗಿ ಹತ್ತಕ್ಕೆ ಸ್ಪೀಕರ್ ಆಫ್ ಆಯಿತು. "ಒನ್ಸ್ ಮೋರ್, ಒನ್ಸ್ ಮೋರ್" ಅಂತ ಸ್ವಲ್ಪ ಹೊತ್ತು ಕೂಗು. ಅದೂ ನಿಂತಿತು. ಸೆಕ್ಯುರಿಟಿಯವರು ಹೊರಡಿ ಅಂತ ಅವಸರ ಮಾಡಲಿಲ್ಲ. ದೊಡ್ಡ ಲೈಟ್ ಹಾಕಿದರು. ಸುಮಾರು ಜನ ಹೋದರು, ಇನ್ನೂರು ಮುನ್ನೂರು ಜನ ಉಳಿದೆವು. ನಾನು ಮುಂದಿನ ಕಂಬಿಯವರೆಗೆ ಹೋಗಿ ನಿಂತೆ.

ಬ್ಯಾಂಡಿನವರು ತಮ್ಮ ಸಾಮಾನನ್ನು ತಾವೇ ಕಟ್ಟುತ್ತಿದ್ದರು. ಡ್ರಮ್ಮರ್ ಒಂದೊಂದೇ ಸಿಂಬಲ್ಲಿನ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಚಿಟ್ಟೆ ನಟ್ಟು ತಿರುಗಿಸಿ ಬಿಚ್ಚಿ, ನಟ್ಟನ್ನು ಅಂಗಿ ಜೇಬಿಗೆ ಹಾಕಿಕೊಂಡ. ಸಿಂಬಲ್ ಮೇಲೆ ಕೋಲಿನ ಪೆಟ್ಟಿಗೆ ಕಪ್ಪಾದ ಗುರುತುಗಳು. ಪ್ರತಿಯೊಂದನ್ನೂ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಇಳಿಸಿದ. ಬೇಸ್ ನುಡಿಸುವವನು ಮಂಡಿಯೂರಿ ಕೇಬಲ್ ಸುತ್ತುತ್ತಿದ್ದ. ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ. ಹಾಗೆ ಸುತ್ತಿದರೆ ತಂತಿ ಮುರುಚಿಕೊಳ್ಳುವುದಿಲ್ಲ, ಮುಂದಿನ ಶೋದಲ್ಲಿ ಬಿಡಿಸುವುದು ಸುಲಭ. ಮುಂದಿನ ಶೋ ಇರಲಿಲ್ಲ. ಆದರೂ ಅಷ್ಟೇ ನಿಧಾನವಾಗಿ, ಅಷ್ಟೇ ಅಚ್ಚುಕಟ್ಟಾಗಿ ಸುತ್ತಿದ. ಯಾರೂ ವಿಡಿಯೊ ಮಾಡಲಿಲ್ಲ. ಅಷ್ಟು ಜನರಲ್ಲಿ ಒಬ್ಬರ ಫೋನೂ ಮೇಲೆ ಇರಲಿಲ್ಲ.

ನೆಲಕ್ಕೆ ಟೇಪಿನಲ್ಲಿ ಅಂಟಿಸಿದ್ದ ಹಾಡಿನ ಪಟ್ಟಿ ನಾನು ನಿಂತಲ್ಲಿಗೆ ಕಾಣುತ್ತಿತ್ತು. ಬಾಲ್ ಪೆನ್ನಿನ ಕನ್ನಡ ಅಕ್ಷರ. ಟ್ರ್ಯಾಕ್ ಮೂರಿನ ಪಕ್ಕ 'ನಿಧಾನ' ಅಂತ ಬರೆದು ಎರಡು ಗೆರೆ ಎಳೆದಿದ್ದರು. ಇಷ್ಟು ವರ್ಷದಲ್ಲಿ ಅವರು ಆ ಹಾಡನ್ನು ಸ್ಟೇಜ್ ಮೇಲೆ ಯಾವಾಗಲೂ ಓಡಿಸಿಬಿಡುತ್ತಿದ್ದರು. ಅವತ್ತು ಮಾತ್ರ ಅದು ನಮ್ಮ ಮೆಮೊರಿ ಕಾರ್ಡಿನಲ್ಲಿ ಇದ್ದ ಹಾಗೇ ಬಂದಿತ್ತು. ಹಾಡುವಾಗ ಯಾಕೆ ಅಂತ ಹೊಳೆದಿರಲಿಲ್ಲ. ಆ ಪಟ್ಟಿ ನೋಡಿದಾಗ ಗೊತ್ತಾಯಿತು, ಮತ್ತೆ ಗಂಟಲು ಕಟ್ಟಿತು.

ಇದಕ್ಕೇ ಹೇಳಿದ್ದು, ಅದೇ ರಾತ್ರಿಯ ಬಸ್ ಬೇಡ ಅಂತ. ಮರುದಿನ ಸಂಜೆಯ ಜನಶತಾಬ್ದಿಗೆ ಮಾಡಿಸಿದರೆ ಬೆಳಿಗ್ಗೆ ತಡವಾಗಿ ಎದ್ದರೂ ನಡೆಯುತ್ತದೆ. ನಾನು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಸಂಪಿಗೆ ರಸ್ತೆಯಲ್ಲಿ ಇಳಿದು, ಮಲ್ಲೇಶ್ವರದಲ್ಲಿ ಬೆಣ್ಣೆ ದೋಸೆ ತಿಂದೆ. ಭಾನುವಾರ ಸಾಲು ಉದ್ದ ಇರುತ್ತದೆ, ಒಂದು ಗಂಟೆ ಇಟ್ಟುಕೊಳ್ಳಿ.

ಅವತ್ತು ರಾತ್ರಿ ನಾನು ರೂಮಿಗೆ ನಡೆದು ಬರುವಾಗ ತಮ್ಮ ಫೋನ್ ಮಾಡಿದ. ಬಸ್ಸು ನೆಲಮಂಗಲ ದಾಟಿತ್ತು.

"ನಾನು ಬಂದ ಮೇಲೆ ಏನಾಯ್ತು?"

ಟ್ರ್ಯಾಕ್ ಮೂರಿನ ಬಗ್ಗೆ ಹೇಳಲು ಬಾಯಿ ಬರಲಿಲ್ಲ. "ಮುಗಿದ ಮೇಲೆ ಕೇಬಲ್ ಎಲ್ಲಾ ಸುತ್ತಿಟ್ಟರು" ಅಂದೆ.

ಸ್ವಲ್ಪ ಹೊತ್ತು ಬಸ್ಸಿನ ಸದ್ದಷ್ಟೇ ಕೇಳುತ್ತಿತ್ತು.

"ಯಾರು ಸುತ್ತಿದ್ದು, ಬೇಸ್‌ನವನಾ?" ಅಂತ ಕೇಳಿದ. "ಸರಿಯಾಗಿ ಹೇಳೋ, ಮೊದಲಿಂದ."