ಲಂಡನ್ನಿನಲ್ಲಿ ಬಾಡಿಗೆ ಮನೆ: ಡ್ಯೂಟಿ ಮುಗಿದ ಮೇಲಿನ ದಾರಿ ನೋಡಿ

ಊರಿಂದ ಇಲ್ಲಿಗೆ ಹೊರಟಿರುವ ನರ್ಸ್‌ಗಳು ನನಗೆ ಮೆಸೇಜ್ ಮಾಡಿದಾಗ ಸಂಬಳದ ವಿಷಯಕ್ಕೂ ಮೊದಲು ಕೇಳುವುದು ಇದನ್ನೇ: "ಅಕ್ಕ, ಯಾವ ಏರಿಯಾ ಸೇಫ್?" ಹೆಚ್ಚಿನವರು ಹಾಸನ, ಶಿವಮೊಗ್ಗ, ಮಂಗಳೂರು ಕಡೆಯ ಹುಡುಗಿಯರು. ಅವರ ಹಿಂದೆ ಅಪ್ಪ, ಅಮ್ಮ, ಅತ್ತೆ ಎಲ್ಲರೂ ಅದೇ ಪ್ರಶ್ನೆ ಹಿಡಿದು ಕೂತಿರುತ್ತಾರೆ. ಒಂದು ಏರಿಯಾ ಹೆಸರು ಹೇಳಿಬಿಟ್ಟರೆ ಅವರಿಗೂ ಸಮಾಧಾನ, ನನಗೂ ಕೆಲಸ ಮುಗಿಯುತ್ತದೆ. ಆದರೆ ನಾನು ಹೇಳುವುದಿಲ್ಲ. ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತದೆ, ಬಸ್ ಇಳಿದು ಎಷ್ಟು ದೂರ ನಡೆಯಬೇಕು ಅಂತ ಮೊದಲು ವಿಚಾರಿಸುತ್ತೇನೆ.

ನಾನು ಇರುವುದು ಲಂಡನ್ನಿನ ವಾಯವ್ಯ ಭಾಗದಲ್ಲಿ, ಹ್ಯಾರೋ ಕಡೆ. ನಮ್ಮ ಲಾಂಗ್ ಡೇ, ಅಂದರೆ ಇಡೀ ದಿನದ ಪಾಳಿ, ಬೆಳಗ್ಗೆ ಏಳೂವರೆಗೆ ಶುರುವಾದರೆ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಟ್ಟು, ಬಟ್ಟೆ ಬದಲಾಯಿಸಿ, ಬಸ್ ಹತ್ತುವಷ್ಟರಲ್ಲಿ ಒಂಬತ್ತರ ಹತ್ತಿರ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಜೂನ್‌ನಲ್ಲಾದರೆ ರಾತ್ರಿ ಒಂಬತ್ತೂ ಕಾಲಿಗೂ ಬೆಳಕಿರುತ್ತದೆ. ಬೇಸಿಗೆಯಲ್ಲಿ ಮನೆ ನೋಡಿ, ಮಕ್ಕಳು ಆಡುತ್ತಿದ್ದ ಪಾರ್ಕ್ ಪಕ್ಕದ ಕಾಲುದಾರಿ ಎಷ್ಟು ಚೆನ್ನಾಗಿದೆ ಅಂತ ಒಪ್ಪಿಕೊಂಡವರು, ಅದೇ ದಾರಿಯಲ್ಲಿ ನವೆಂಬರಿನಲ್ಲಿ ಮೊಬೈಲ್ ಟಾರ್ಚ್ ಹಿಡಿದು ನಡೆಯುತ್ತಾರೆ. ಕೆಲವು ಪಾರ್ಕ್‌ಗಳ ಗೇಟಿಗೆ ಕತ್ತಲಾದ ಕೂಡಲೇ ಬೀಗ ಬೀಳುತ್ತದೆ. ಆಗ ಹತ್ತು ನಿಮಿಷದ ದಾರಿ ಇಪ್ಪತ್ತು ನಿಮಿಷವಾಗುತ್ತದೆ.

ಏರಿಯಾ ಹೆಸರು ಸಾಕಾಗುವುದಿಲ್ಲ ಅನ್ನುವುದು ಇದಕ್ಕೇ. ಹ್ಯಾರೋ ಅಂದರೆ ಒಂದೇ ಥರದ ಜಾಗವಲ್ಲ. 1920-30ರ ದಶಕದಲ್ಲಿ ಮೆಟ್ರೋಪಾಲಿಟನ್ ರೈಲು ಹಾದುಹೋದ ಕಡೆಯೆಲ್ಲ ಎದ್ದ ಜೋಡಿ ಮನೆಗಳ ಸಾಲುಗಳಿವೆ. ಅಲ್ಲಿ ಎದುರುಮನೆ ಕಿಟಕಿಯಿಂದ ನಿಮ್ಮ ಬಾಗಿಲು ಕಾಣುತ್ತದೆ. ಐದು ನಿಮಿಷ ಆಚೆಗೆ ಹೋದರೆ ಅಂಗಡಿ ಬೀದಿ, ಪಬ್, ತಡರಾತ್ರಿಯವರೆಗೂ ತೆರೆದಿರುವ ಚಿಕನ್ ಅಂಗಡಿ. ಎರಡರ ಪೋಸ್ಟ್‌ಕೋಡಿನ, ಅಂದರೆ ಇಲ್ಲಿನ ಪಿನ್‌ಕೋಡಿನ, ಮೊದಲ ಅಕ್ಷರಗಳೂ ಒಂದೇ ಇರುತ್ತವೆ.

ಇಂಗ್ಲೆಂಡಿನಲ್ಲಿ ಪೊಲೀಸ್ ಡಾಟ್ ಯುಕೆ ಅಂತ ಸರ್ಕಾರಿ ವೆಬ್‌ಸೈಟ್ ಇದೆ. ಪೋಸ್ಟ್‌ಕೋಡ್ ಹಾಕಿದರೆ ಆ ಸುತ್ತಮುತ್ತ ಯಾವ ತಿಂಗಳು ಯಾವ ಅಪರಾಧ ದಾಖಲಾಯಿತು ಅಂತ ಮ್ಯಾಪ್‌ನಲ್ಲಿ ತೋರಿಸುತ್ತದೆ. ತುಂಬ ಉಪಯೋಗದ್ದು, ಆದರೆ ಓದುವ ಕ್ರಮ ಗೊತ್ತಿರಬೇಕು. ಯಾರ ಮನೆ ಅಂತ ಗೊತ್ತಾಗಬಾರದು ಅಂತ ಅಪರಾಧವನ್ನು ಆದ ಜಾಗದಲ್ಲೇ ತೋರಿಸದೆ, ಹತ್ತಿರದ ಒಂದು ಗೊತ್ತುಪಡಿಸಿದ ಬಿಂದುವಿಗೆ ಸೇರಿಸುತ್ತಾರೆ. "ಸೂಪರ್ ಮಾರ್ಕೆಟ್ ಹತ್ತಿರ", "ಪಾರ್ಕಿಂಗ್ ಏರಿಯಾ ಹತ್ತಿರ" ಅಂತ ಇರುತ್ತದೆ. "ಆಸ್ಪತ್ರೆ ಹತ್ತಿರ" ಅಂತಲೂ ಇರುತ್ತದೆ. ಹೊಸದಾಗಿ ಬರುವ ಹುಡುಗಿಯರು ಆಸ್ಪತ್ರೆಯ ಮೇಲಿನ ದೊಡ್ಡ ಸಂಖ್ಯೆ ನೋಡಿ ಹೆದರಿಬಿಡುತ್ತಾರೆ. ನಾನು ಅವರಿಗೆ ಹೇಳುತ್ತೇನೆ: ಎಮರ್ಜೆನ್ಸಿಯಲ್ಲಿ ಕುಡಿದು ಬಂದವನು ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಅದೂ ಅಲ್ಲೇ ಲೆಕ್ಕವಾಗುತ್ತದೆ. ಅದು ನಮ್ಮ ಕೆಲಸದ ದೊಡ್ಡ ಸಂಕಟ, ಅದರ ಬಗ್ಗೆ ಬೇರೆಯೇ ಬರೆಯಬೇಕು. ಪಕ್ಕದ ಬೀದಿಯಲ್ಲಿ ಮನೆ ಮಾಡಿದರೆ ಅಪಾಯ ಅಂತ ಅದರಿಂದ ಹೇಳುವುದಕ್ಕೆ ಆಗುವುದಿಲ್ಲ. ಹಾಗೆಯೇ ಅಂಗಡಿ ಬೀದಿಯ ಸಂಖ್ಯೆಯಲ್ಲಿ ಅಂಗಡಿ ಕಳ್ಳತನ ತುಂಬ ಸೇರಿರುತ್ತದೆ. ಒಟ್ಟು ಎಷ್ಟು ಅನ್ನುವುದನ್ನು ಬಿಡಿ. ಮನೆಗಳ್ಳತನ ಎಷ್ಟು, ದಾರಿಯಲ್ಲಿ ಕಿತ್ತುಕೊಂಡು ಹೋದದ್ದು ಎಷ್ಟು ಅಂತ ಬಿಡಿಸಿ ನೋಡಿ. ಒಂದು ತಿಂಗಳದ್ದಲ್ಲ, ಬೇಸಿಗೆ ಚಳಿಗಾಲ ಎರಡೂ.

ಮ್ಯಾಪ್ ನೋಡಿ ಆದಮೇಲೆ ಕಾಲಿಗೆ ಕೆಲಸ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಹುಡುಗಿಗೆ ಅಂಗಡಿಯ ಮೇಲಿನ ಫ್ಲಾಟ್ ಒಂದು ಬಹಳ ಇಷ್ಟವಾಗಿತ್ತು. ಫೋಟೋದಲ್ಲಿ ಬಿಳಿ ಗೋಡೆ, ಹೊಸ ಅಡುಗೆಮನೆ, ಕೆಳಗೇ ಬಸ್ ಸ್ಟಾಪ್. ಬಾಡಿಗೆಯೂ ಸುತ್ತಲಿನದಕ್ಕಿಂತ ಕಡಿಮೆ. ಲೇಟ್ ಡ್ಯೂಟಿ ಮುಗಿಸಿ ನಾವಿಬ್ಬರೂ ಹೋದೆವು. ಮುಂಭಾಗದಲ್ಲಿ, ಬೀದಿಯ ಕಡೆ, ಬಾಗಿಲೇ ಇಲ್ಲ. ಇಲ್ಲಿನ ಅಂಗಡಿ ಸಾಲುಗಳಲ್ಲಿ ಬಹಳ ಕಡೆ ಮೇಲಿನ ಮನೆಗೆ ಹಿಂದಿನ ಓಣಿಯಿಂದ ಹೋಗಬೇಕು. ಓಣಿಯ ಬಾಯಲ್ಲಿ ಅಂಗಡಿಗಳ ಕಸದ ದೊಡ್ಡ ಡಬ್ಬಿಗಳು, ಎರಡಾಳು ಎತ್ತರ ಪೇರಿಸಿದ ರಟ್ಟು. ಅದರ ಹಿಂದೆ ಒಬ್ಬರು ನಿಂತರೂ ಬೀದಿಗೆ ಕಾಣುವುದಿಲ್ಲ. ಗೋಡೆಯ ಮೇಲೆ ಸೆನ್ಸರ್ ಲೈಟ್ ಇತ್ತು, ನಾವು ಕೆಳಗೆ ಹೋದರೂ ಹತ್ತಲಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಉದ್ದ ಜಗಲಿ, ನಾಲ್ಕೈದು ಬಾಗಿಲು. ಅವಳು ನೋಡಬೇಕಾದ ಮನೆಯ ಬಾಗಿಲಿನಲ್ಲಿ ಬೀಗದ ಪಕ್ಕ ಮರ ಸೀಳಿತ್ತು, ಅದರ ಮೇಲೆ ತಗಡಿನ ಪಟ್ಟಿ ಹೊಡೆದು ಬಿಳಿ ಬಣ್ಣ ಬಳಿದಿದ್ದರು. ಯಾರೋ ಒಮ್ಮೆ ಒದ್ದು ತೆಗೆದ ಬಾಗಿಲು ಅಂತ ಹೇಳಲು ಪೊಲೀಸರೇ ಬೇಕಾಗಿಲ್ಲ. ಅವಳು ಆ ಮನೆ ತೆಗೆದುಕೊಳ್ಳಲಿಲ್ಲ. ಹಗಲು ಹನ್ನೊಂದಕ್ಕೆ ಏಜೆಂಟ್ ಜೊತೆ ಹೋಗಿದ್ದರೆ ಆ ಓಣಿ ಬರೀ ಓಣಿಯಾಗಿಯೇ ಕಾಣುತ್ತಿತ್ತು.

ಬೀದಿಯಲ್ಲಿ ನಡೆಯುವಾಗ ಕೆಳಗೂ ನೋಡಿ. ಪಾರ್ಕ್ ಮಾಡಿದ ಕಾರುಗಳ ಪಕ್ಕ, ಫುಟ್‌ಪಾತ್ ಅಂಚಿನಲ್ಲಿ, ಕಲ್ಲುಸಕ್ಕರೆಯಂಥ ಗಾಜಿನ ಚೂರುಗಳು ಬಿದ್ದಿವೆಯೇ? ಅದು ಕಾರಿನ ಕಿಟಕಿ ಒಡೆದ ಗುರುತು. ಒಂದು ಕಡೆ ಇದ್ದರೆ ಇರಲಿ, ಬೀದಿಯುದ್ದಕ್ಕೂ ಇದ್ದರೆ ಯೋಚಿಸಬೇಕು. ಕಂಬಕ್ಕೆ ಕಟ್ಟಿದ ಸೈಕಲ್‌ನಲ್ಲಿ ಚಕ್ರ ಇಲ್ಲದಿದ್ದರೆ ಅದೂ ಸುಳಿವೇ. ಬಾಗಿಲ ಮುಂದೆ ಕೊರಿಯರ್ ಡಬ್ಬಿ ಸಂಜೆವರೆಗೆ ಹಾಗೇ ಕೂತಿದ್ದರೆ ಒಳ್ಳೆಯ ಲಕ್ಷಣ. ಫುಟ್‌ಪಾತ್ ಮೇಲೆ ಹಳೆ ಹಾಸಿಗೆ ಬಿದ್ದಿರುವುದು, ಗೋಡೆಗೆ ಬಣ್ಣ ಹೋಗಿರುವುದು ಇವೆಲ್ಲ ಕಣ್ಣಿಗೆ ಕೆಟ್ಟದಾಗಿ ಕಾಣುತ್ತವೆ, ಆದರೆ ಅವೇ ಅಪಾಯವಲ್ಲ. ನಾನು ಬಡ ಬೀದಿಗಳಿಗೆ ಹೆದರಬೇಡಿ ಅಂತಲೇ ಹೇಳುವುದು. ಜನ ಓಡಾಡದ ಬೀದಿಗೆ ಹೆದರಿ.

ಕೇಳುವುದಾದರೆ ಯಾರನ್ನು ಕೇಳಬೇಕು? ಏಜೆಂಟನನ್ನಂತೂ ಅಲ್ಲ. ನಮ್ಮ ವಾರ್ಡಿನಲ್ಲಿ ಕೇರಳದ ಒಬ್ಬ ಹಿರಿಯ ನರ್ಸ್ ಇದ್ದಾರೆ, ನಾವೆಲ್ಲ ಚೇಚಿ (ಮಲಯಾಳಂನಲ್ಲಿ ಅಕ್ಕ) ಅನ್ನುತ್ತೇವೆ. ಅವರು ಹೇಳಿಕೊಟ್ಟ ಒಂದು ಉಪಾಯಕ್ಕೆ ಸಮ ಇನ್ನೊಂದಿಲ್ಲ. "ರಾತ್ರಿ ಒಂಬತ್ತೂವರೆಗೆ ಆ ಸ್ಟಾಪಿನಲ್ಲಿ ಯಾರು ಇಳಿಯುತ್ತಾರೆ, ಹೇಗೆ ನಡೆಯುತ್ತಾರೆ ನೋಡು." ಕೆಂಟನ್ ರಸ್ತೆಯಲ್ಲಿ 183ನೇ ನಂಬರ್ ಬಸ್ಸಿನಿಂದ ಹೆಂಗಸರು ಒಬ್ಬೊಬ್ಬರೇ ಇಳಿಯುವುದನ್ನು ನಾನು ನೋಡಿದ್ದೇನೆ. ಕೈಯಲ್ಲಿ ತರಕಾರಿ ಚೀಲ, ಕಿವಿಯಲ್ಲಿ ಫೋನ್, ಅವಸರವಿಲ್ಲದ ನಡಿಗೆ. ಇನ್ನು ಕೆಲವು ಸ್ಟಾಪ್‌ಗಳಲ್ಲಿ ಇಳಿದವರು ಕೀಲಿಯನ್ನು ಬೆರಳ ಸಂದಿಯಲ್ಲಿ ಹಿಡಿದು ದಾಪುಗಾಲು ಹಾಕುತ್ತಾರೆ. ಅಲ್ಲಿ ದಿನಾ ಓಡಾಡುವವರ ಮೈಗೇ ಉತ್ತರ ಗೊತ್ತಿರುತ್ತದೆ. ರಾತ್ರಿ ಪಾಳಿಯ ಹೆಲ್ತ್ ಕೇರ್ ಅಸಿಸ್ಟೆಂಟ್‌ಗಳನ್ನು ಕೇಳಿ, ಕ್ಲೀನಿಂಗಿಗೆ ಬೆಳಗಿನ ಜಾವ ಬರುವವರನ್ನು ಕೇಳಿ. ಮೂಲೆ ಅಂಗಡಿಯ ಗುಜರಾತಿ ಆಂಟಿಗೂ ಎಲ್ಲ ಗೊತ್ತಿರುತ್ತದೆ.

ವಾಟ್ಸಾಪ್ ಗುಂಪುಗಳಲ್ಲಿ ನಮ್ಮವರೇ ಕೊಡುವ ಒಂದು ಸಲಹೆ ನನಗೆ ನೋವು ತರುತ್ತದೆ: "ಆ ಜನ ಜಾಸ್ತಿ ಇರುವ ಕಡೆ ಬೇಡ." ಬಣ್ಣ ನೋಡಿ, ಧರ್ಮ ನೋಡಿ ಹೇಳುವ ಮಾತು. ಅದು ತಪ್ಪು, ಉಪಯೋಗಕ್ಕೂ ಬರುವುದಿಲ್ಲ. ಸೌತ್‌ಪೋರ್ಟ್ ಊರಿನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾದ ನಂತರ, ಕೊಂದವನು ವಲಸಿಗ ಅಂತ ಸುಳ್ಳು ಸುದ್ದಿ ಹಬ್ಬಿ 2024ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಹಲವು ಊರುಗಳಲ್ಲಿ ಗಲಭೆಯಾಯಿತು. ಸಂಡರ್‌ಲ್ಯಾಂಡ್‌ನಲ್ಲಿ ಡ್ಯೂಟಿಗೆ ಹೊರಟಿದ್ದ ಫಿಲಿಪೀನ್ಸ್‌ನ ನರ್ಸ್‌ಗಳ ಟ್ಯಾಕ್ಸಿಗೆ ಕಲ್ಲು ಬಿತ್ತು. ಕಲ್ಲು ಹೊಡೆದವರಿಗೆ ಕಂಡದ್ದು ಹೊರಗಿನವರು ಅನ್ನುವುದಷ್ಟೇ, ಅವರ ಕಣ್ಣಿನಲ್ಲಿ ನಾವೂ "ಆ ಜನ"ವೇ. ಆ ವಾರ ನಮ್ಮ ಬೀದಿಯಲ್ಲಿ, ಡ್ಯೂಟಿಗೆ ಹೋಗುವಾಗ ಕಾರಿನಲ್ಲಿ ಬಿಡಲೇ ಅಂತ ಕೇಳಿದವರು ಎದುರುಮನೆಯ ಸೊಮಾಲಿ ದಂಪತಿ. ನಮ್ಮ ಭಾಷೆ ಆಡುವವರು ಹತ್ತಿರ ಇದ್ದರೆ ಮನಸ್ಸಿಗೆ ಹಿತ, ಹಬ್ಬಕ್ಕೆ ಸೇರಬಹುದು, ನಿಜ. ಆದರೆ ಅಷ್ಟಕ್ಕೇ ಆ ಬೀದಿ ಸೇಫ್ ಅಂತ ತಿಳಿಯಬೇಡಿ.

ಬಂಗಾರದ ವಿಷಯ ಬೇರೆಯಾಗಿಯೇ ಹೇಳಬೇಕು. ದಕ್ಷಿಣ ಏಷ್ಯಾದವರ ಮನೆಯಲ್ಲಿ ಚಿನ್ನ ಇರುತ್ತದೆ ಅಂತ ಕಳ್ಳರಿಗೂ ಗೊತ್ತು. ದೀಪಾವಳಿ ಹತ್ತಿರ ಬಂದಾಗ ಪೊಲೀಸರೇ ಎಚ್ಚರಿಕೆ ಕೊಡುತ್ತಾರೆ. ಮದುವೆಯ ಒಡವೆ ಊರಿನ ಬ್ಯಾಂಕ್ ಲಾಕರ್‌ನಲ್ಲೇ ಇರಲಿ. ತಾಳಿ ಹಾಕಿಕೊಳ್ಳುವವರು ಕೋಟಿನೊಳಗೆ ಇಟ್ಟುಕೊಳ್ಳಿ. ಮನೆ ಸಾಮಾನಿಗೆ ಇನ್ಶೂರೆನ್ಸ್ ಮಾಡಿಸಿದರೂ ಬೆಲೆಬಾಳುವ ಒಡವೆಯನ್ನು ಬೇರೆಯಾಗಿ ಬರೆಸದಿದ್ದರೆ ಪೂರ್ತಿ ದುಡ್ಡು ಸಿಗುವುದಿಲ್ಲ. ಮನೆ ಹುಡುಕುವಾಗಲೇ ಆ ಪೋಸ್ಟ್‌ಕೋಡ್ ಹಾಕಿ ಇನ್ಶೂರೆನ್ಸ್ ದರ ಕೇಳಿ ನೋಡಿ. ಎರಡು ಬೀದಿಗಳ ದರ ಹೋಲಿಸಿದರೆ ಕಂಪನಿಯವರು ಎಲ್ಲಿ ಕಳ್ಳತನ ಜಾಸ್ತಿ ಅಂತ ಲೆಕ್ಕ ಹಾಕಿದ್ದಾರೆ ಅನ್ನುವುದರ ಅಂದಾಜು ಸಿಗುತ್ತದೆ.

ಇನ್ನು ಬಾಗಿಲೊಳಗಿನ ಮಾತು. ಮನೆ ಕಣ್ಣಾರೆ ನೋಡುವ ಮುಂಚೆ ಒಂದು ಪೌಂಡ್ ಕೂಡ ಕಳಿಸಬೇಡಿ. "ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿದರೆ ಕೀಲಿ ಕಳಿಸುತ್ತೇನೆ" ಅನ್ನುವವರು ಯಾರೇ ಆಗಲಿ ಬೇಡ. ಮನೆ ಹಿಡಿದಿಡಲು ಕೊಡುವ ಮುಂಗಡ ಒಂದು ವಾರದ ಬಾಡಿಗೆ ಮೀರುವಂತಿಲ್ಲ. ಡೆಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಡೆಪಾಸಿಟ್ ರಕ್ಷಣೆಯ ಸ್ಕೀಮ್‌ನಲ್ಲಿ ಇಡಬೇಕು. ಆದರೆ ಮಾಲೀಕರೇ ಇರುವ ಮನೆಯಲ್ಲಿ ಒಂದು ರೂಮ್ ತೆಗೆದುಕೊಂಡರೆ ಈ ಸ್ಕೀಮ್ ರಕ್ಷಣೆ ನಿಮಗಿಲ್ಲ. ನಮ್ಮ ಹುಡುಗಿಯರು ಬಹಳಷ್ಟು ಜನ ಇರುವುದೇ ಹಾಗೆ. ಅಂಥ ಕಡೆ ರೂಮಿಗೆ ಒಳಗಿನಿಂದ ಬೋಲ್ಟ್ ಇದೆಯಾ, ಬಚ್ಚಲಿಗೆ ಚಿಲಕ ಇದೆಯಾ ಅಂತ ಮೊದಲು ನೋಡಿ. ಕೇಳಲು ನಾಚಿಕೆ ಬೇಡ. ಒಂದೇ ಕುಟುಂಬದವರಲ್ಲದ ಐದು ಅಥವಾ ಹೆಚ್ಚು ಜನ ಹಂಚಿಕೊಂಡಿರುವ ಮನೆಗೆ ಕೌನ್ಸಿಲ್ (ಸ್ಥಳೀಯ ಆಡಳಿತ) ಲೈಸೆನ್ಸ್ ಕಡ್ಡಾಯ. ಲಂಡನ್ ಮೇಯರ್ ಕಚೇರಿಯ ವೆಬ್‌ಸೈಟ್‌ನಲ್ಲಿ ದಂಡ, ಶಿಕ್ಷೆಗೆ ಒಳಗಾದ ಮಾಲೀಕರು, ಏಜೆಂಟರ ಹೆಸರು ಹುಡುಕುವ ಪಟ್ಟಿಯೂ ಇದೆ. ಎರಡು ನಿಮಿಷದ ಕೆಲಸ.

ಊರಲ್ಲಿ ಕೂತು ಇಷ್ಟೆಲ್ಲ ಮಾಡಲು ಆಗುವುದಿಲ್ಲ, ಅಲ್ವಾ? ಆಗುವುದಿಲ್ಲ, ಮಾಡಬೇಡಿ. ಹೊರದೇಶದಿಂದ ಕರೆಸಿಕೊಳ್ಳುವ ಬಹಳ ಆಸ್ಪತ್ರೆಗಳು ಮೊದಲ ಕೆಲವು ವಾರಕ್ಕೆ ವಸತಿ ಕೊಡುತ್ತವೆ ಅಥವಾ ಹುಡುಕಿಕೊಡುತ್ತವೆ. ಆಫರ್ ಲೆಟರ್ ಬಂದಾಗಲೇ ಎಷ್ಟು ವಾರ, ಬಾಡಿಗೆ ಸಂಬಳದಲ್ಲಿ ಹಿಡಿಯುತ್ತಾರಾ, ಮುಂದಕ್ಕೆ ಹಾಕಿಸಬಹುದಾ ಅಂತ ಈಮೇಲ್‌ನಲ್ಲಿ ಕೇಳಿಟ್ಟುಕೊಳ್ಳಿ. ಬಂದು ರೋಸ್ಟರ್ ಕೈಗೆ ಸಿಕ್ಕಮೇಲೆ ಮನೆ ನೋಡಲು ಹೊರಡಿ. ಹ್ಯಾರೋ ಕಡೆ ಬರುವವರಾದರೆ ನನಗೆ ಮೆಸೇಜ್ ಮಾಡಿ. ನನ್ನ ಡ್ಯೂಟಿ ಇಲ್ಲದ ರಾತ್ರಿ ಜೊತೆಗೆ ಬರುತ್ತೇನೆ.